ಬೂದು ಬಣ್ಣದ ಸಾಲು

ಅಪ್ಪ ಓದೋದು ಅಂದ್ರೆ ಪೂರ್ತಿ ಓದೋದೇ. ಪಹಣಿ, ಸೊಸೈಟಿ ಸಾಲದ ಕಾಗದ, ಗೊಬ್ಬರದ ಚೀಲದ ಮೇಲಿನ ಅಕ್ಷರ, ಯಾವುದಾದರೂ ಸರಿ, ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತಾರೆ. ಅಂಥವರ ಖಾತೆಯಿಂದ ಮೊನ್ನೆ 499 ರೂಪಾಯಿ ಕಟ್ ಆಯಿತು. ಹಳೇ ಸಿನಿಮಾ ನೋಡಲು ಮೊಬೈಲಿಗೆ ಹಾಕಿಕೊಂಡಿದ್ದ ಯಾವುದೋ ಆ್ಯಪ್. ಊರಿಗೆ ಹೋದಾಗ ಆ ಪುಟ ತೆಗೆದು ನೋಡಿದೆ. ‘1 ರೂಪಾಯಿಗೆ ಒಂದು ತಿಂಗಳು’ ಅಂತ ದಪ್ಪ ಅಕ್ಷರ. ಅದರ ಕೆಳಗೆ ಹಸಿರು ಬಟನ್. ಬಟನ್ನಿನ ಕೆಳಗೆ, ಬಿಳಿ ಮೇಲೆ ತಿಳಿ ಬೂದು ಬಣ್ಣದಲ್ಲಿ, ಮುಂದಿನ ತಿಂಗಳಿಂದ ತಾನಾಗಿಯೇ ಹಣ ಹೋಗುತ್ತದೆ ಅನ್ನೋ ಸಾಲು.

‘ಅವ್ರು ಬರ್ದವ್ರಲ್ಲ ಮಗಾ, ನಾನೇ ಓದ್ಲಿಲ್ಲ’ ಅಂದರು ಅಪ್ಪ. ಸಿಟ್ಟಿರಲಿಲ್ಲ, ನಾಚಿಕೆ ಇತ್ತು.

ನಾನು ಮಾತಾಡಲಿಲ್ಲ. ಆ ಆ್ಯಪ್ ನಮ್ಮ ಕಂಪನಿಯದಲ್ಲ. ಆದರೆ ಅಂಥದ್ದೇ ಒಂದು ಸಾಲನ್ನು ನಾನೂ ಬರೆದಿದ್ದೇನೆ.

ವೆಬ್‌ಗೆ ಬರೆಯೋದು ಹೇಗೆ ಅಂತ ಹೇಳಿಕೊಡುವವರೆಲ್ಲ ಜೇಕಬ್ ನೀಲ್ಸನ್ ಹೆಸರು ಹೇಳುತ್ತಾರೆ. 1997ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಶೇಕಡಾ 79 ಜನ ಹೊಸ ಪುಟವನ್ನು ಓದಲೇ ಇಲ್ಲ, ಕಣ್ಣಾಡಿಸಿದರು ಅಷ್ಟೆ. ಪದ ಪದ ಓದಿದವರು ಶೇಕಡಾ 16. ಅಮೆರಿಕದ ನೆಬ್ರಾಸ್ಕಾ ಬಗ್ಗೆ ಒಂದೇ ಪುಟವನ್ನು ಐದು ಥರ ಬರೆದು ನೋಡಿದರು. ಜಂಬದ ಮಾತು ತೆಗೆದು ಇದ್ದದ್ದು ಇದ್ದಂಗೆ ಬರೆದಿದ್ದಕ್ಕೇ ಪುಟದ ಉಪಯುಕ್ತತೆ ಶೇಕಡಾ 27 ಹೆಚ್ಚಾಯಿತು. ಅದರ ಜೊತೆಗೆ ಮಾತು ಅರ್ಧ ಮಾಡಿ, ಕಣ್ಣಿಗೆ ಸಿಗುವ ಹಾಗೆ ಜೋಡಿಸಿದಾಗ ಶೇಕಡಾ 124. ನನಗೆ ಈ ಲೆಕ್ಕ ಬಹಳ ಇಷ್ಟ. ನೆಟ್ಟಗೆ ಹೇಳಿದರೆ ಜನಕ್ಕೆ ತಲುಪುತ್ತದೆ ಅಂತ ಇಲ್ಲಿ ಅಳೆದೇ ತೋರಿಸಿದ್ದಾರಲ್ಲ! ಮುಖ್ಯವಾದದ್ದು ಮೊದಲು, ಸಣ್ಣ ವಾಕ್ಯ, ಅರ್ಥ ಹೇಳುವ ಶೀರ್ಷಿಕೆ ಅನ್ನೋ ನಮ್ಮ ಪಾಠಗಳೆಲ್ಲ ಇಂಥ ಪರೀಕ್ಷೆಗಳಿಂದಲೇ ಗಟ್ಟಿಯಾಗಿದ್ದು.

ಕಷ್ಟ ಏನಂದ್ರೆ, ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾದವನಿಗೆ ಎಲ್ಲಿ ನಿಲ್ಲೋದಿಲ್ಲ ಅನ್ನೋದೂ ಗೊತ್ತಾಗುತ್ತದೆ.

ನಮ್ಮ ಪುಟವನ್ನು ನಾವು ಎರಡು ಥರ ಮಾಡಿ ಎರಡು ವಾರ ಓಡಿಸಿದೆವು. ಅರ್ಧ ಜನಕ್ಕೆ ಹಣ ಕಟ್ ಆಗುವ ಸಾಲು ಬಟನ್ನಿನ ಮೇಲೆ, ಇನ್ನರ್ಧ ಜನಕ್ಕೆ ಕೆಳಗೆ. ಅದೇ ಪದಗಳು, ಒಂದು ಅಕ್ಷರ ಬದಲಿಲ್ಲ. ಮೇಲೆ ಇದ್ದಾಗ ಬಟನ್ ಒತ್ತಿದವರು ಕಡಿಮೆಯಾದರು. ಕೆಳಗಿನದ್ದೇ ಗೆದ್ದಿತು ಅಂತ ಉಳಿಸಿಕೊಂಡೆವು. ಆ ಕಡಿಮೆಯಾದವರು ಯಾರು ಅಂತ ಅವತ್ತು ನಾನು ಕೇಳಿಕೊಳ್ಳಲಿಲ್ಲ. ಬೇರೆ ಯಾರಿರ್ತಾರೆ? ಓದಿ ಬೇಡ ಅಂದವರು. ಅಂದರೆ ಸಾಲು ಕೆಳಗಿಟ್ಟು ನಾವು ಗಳಿಸಿದ್ದು, ಓದಿದ್ದರೆ ಬೇಡ ಅನ್ನುತ್ತಿದ್ದವರನ್ನೇ.

‘ಪತ್ರಿಕೆ ಜಾಹೀರಾತಲ್ಲೂ ಷರತ್ತುಗಳು ಅನ್ವಯಿಸುತ್ತವೆ ಅಂತ ಸಣ್ಣಕ್ಷರದಲ್ಲಿ ಹಾಕ್ತಾರಲ್ಲ ಗುರು, ಓದೋದು ಅವರ ಜವಾಬ್ದಾರಿ’ ಅಂದ ಜೊತೆ ಕೆಲಸದ ಗೆಳೆಯ. ಒಪ್ಪೋ ಮಾತೇ. ಆದರೆ ಪತ್ರಿಕೆಯವನಿಗೆ ಓದುಗ ಓದಿದನೋ ಬಿಟ್ಟನೋ ಗೊತ್ತಾಗೋದಿಲ್ಲ. ನಮಗೆ ಗೊತ್ತಿತ್ತು. ಓದೋದಿಲ್ಲ ಅಂತ ಅಳೆದು ನೋಡಿಯೇ ಅಲ್ಲಿಟ್ಟದ್ದು. ಆಮೇಲೆ ‘ಬರೆದಿದ್ದೆವಲ್ಲ’ ಅನ್ನೋಕೆ ನಮಗೆ ಯಾವ ಮುಖ? ಆ ಸಾಲಿನಲ್ಲಿ ಒಂದು ಪದವೂ ಸುಳ್ಳಲ್ಲ. ಸುಳ್ಳು ಇದ್ದದ್ದು ಅದರ ಜಾಗದಲ್ಲಿ.

2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಒಳ್ಳೆಯದೇ. ಆದರೆ ಅಪ್ಪ ‘ನಾನೇ ಓದ್ಲಿಲ್ಲ’ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಕಾನೂನಲ್ಲ. ಜೀವನಪೂರ್ತಿ ಬೆರಳಿಟ್ಟು ಓದಿದ ಮನುಷ್ಯನಿಗೆ ನೀನು ಓದೋದ್ರಲ್ಲಿ ದಡ್ಡ ಅಂತ ಅನ್ನಿಸಿಬಿಟ್ಟಿದ್ದೆವಲ್ಲ, ಅದು.

ತಪ್ಪು ನಿಂದಲ್ಲಪ್ಪ ಅಂತ ಬಿಡಿಸಿ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಮೀಟಿಂಗಿನಲ್ಲಿ ಆ ಸಾಲನ್ನು ಬಟನ್ನಿನ ಮೇಲೆ ತರೋಣ ಅಂದೆ. ಮುಂದಿನ ಕ್ವಾರ್ಟರಲ್ಲಿ ನೋಡೋಣ ಅಂದರು. ಸಾಲು ಇನ್ನೂ ಕೆಳಗೇ ಇದೆ. ಪ್ರತಿ ಸೋಮವಾರ ಕೇಳುತ್ತಾ ಇದ್ದೇನೆ.