ಕೊರತೆ ದೇಹದ್ದೋ, ಮೆಟ್ಟಿಲಿನದ್ದೋ?

ಗದಗಿನ ವೀರೇಶ್ವರ ಪುಣ್ಯಾಶ್ರಮ ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತು. ಅಲ್ಲಿ ಸಂಗೀತ ಕಲಿಸುತ್ತಿದ್ದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಅಲ್ಲಿ ಕಲಿತ ಅಂಧ ಮಕ್ಕಳು ಗಾಯಕರಾದರು, ವಾದಕರಾದರು, ಸಂಗೀತದ ಮೇಷ್ಟ್ರುಗಳಾದರು. ಇದನ್ನು ನಾವು ಪವಾಡದಂತೆ ಹೇಳಿಕೊಳ್ಳುತ್ತೇವೆ. ಗವಾಯಿಗಳ ತಪಸ್ಸು ದೊಡ್ಡದೇ, ಅನುಮಾನವಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಸರಳ ಕಾರಣವೂ ಇದೆ. ಹಿಂದುಸ್ತಾನಿ ಸಂಗೀತದ ಪಾಠ ನಡೆಯುವುದು ಕಿವಿಯಿಂದ. ಗುರುಗಳು ಹಾಡುತ್ತಾರೆ, ಶಿಷ್ಯ ಕೇಳಿ ತಿರುಗಿ ಹಾಡುತ್ತಾನೆ. ಕರಿಹಲಗೆ ಬೇಕಿಲ್ಲ, ಪುಸ್ತಕವೂ ಬೇಕೆಂದಿಲ್ಲ. ಅದೇ ಹುಡುಗನನ್ನು ಕರಿಹಲಗೆಯ ಮೇಲೆ ಬರೆದು ಕಲಿಸುವ ತರಗತಿಯಲ್ಲಿ, ಬ್ರೈಲ್ ಪುಸ್ತಕವನ್ನೂ ಕೊಡದೆ ಕೂರಿಸಿದರೆ ವರ್ಷ ಮುಗಿಯುವುದರೊಳಗೆ ದಡ್ಡ ಅನ್ನಿಸಿಕೊಳ್ಳುತ್ತಾನೆ. ಅವನ ಕಣ್ಣು ಎರಡೂ ಕಡೆ ಅದೇ. ಬದಲಾದದ್ದು ಪಾಠ ಹೇಳುವ ರೀತಿ.

ಅಂದಮಾತ್ರಕ್ಕೆ ಅಂಧರಿಗೆಲ್ಲ ಸಂಗೀತವೇ ಸರಿಯಾದ ದಾರಿ ಎಂದುಕೊಳ್ಳಬಾರದು. ಲೆಕ್ಕವನ್ನೋ ಕಾನೂನನ್ನೋ ಓದಬೇಕೆಂಬ ಆಸೆಯಿದ್ದ ಎಷ್ಟೋ ಮಕ್ಕಳ ಕೈಗೆ ಹಾರ್ಮೋನಿಯಂ ಬಂದದ್ದು ಬೇರೆ ಬಾಗಿಲು ಮುಚ್ಚಿದ್ದರಿಂದ. ಗಣಿತದ ಪಾಠವನ್ನೂ ಅಂಧ ವಿದ್ಯಾರ್ಥಿಗೆ ಎಟುಕುವಂತೆ ಹೇಳಬಹುದು. ಹೇಳುವ ಮನಸ್ಸು ಮತ್ತು ಸಿದ್ಧತೆ ಬೇಕು, ಅಷ್ಟೆ.

ದೇಹದ ಕೊರತೆ ಬೇರೆ, ವೈಕಲ್ಯ ಬೇರೆ ಎಂಬ ಈ ವಿವೇಚನೆಗೆ ತತ್ತ್ವದ ರೂಪ ಸಿಕ್ಕಿದ್ದು 1970ರ ದಶಕದ ಬ್ರಿಟನ್ನಿನಲ್ಲಿ. ಅದನ್ನು ಕಟ್ಟಿದವರು ಪ್ರಾಧ್ಯಾಪಕರಲ್ಲ, ಅನುಭವಿಸಿದವರು. ಸ್ನಾಯುಕ್ಷಯವಿದ್ದ ಪಾಲ್ ಹಂಟ್ ವರ್ಷಗಟ್ಟಲೆ ಒಂದು ಆಶ್ರಯಧಾಮದಲ್ಲಿದ್ದವರು. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನೂ ಅಲ್ಲಿ ಬೇರೆಯವರೇ ನಿರ್ಧರಿಸುತ್ತಿದ್ದರು. 1972ರಲ್ಲಿ ಅವರು ಗಾರ್ಡಿಯನ್ ಪತ್ರಿಕೆಗೆ ಕಾಗದ ಬರೆದು, ತಮ್ಮಂಥವರು ಒಂದಾಗಬೇಕೆಂದು ಕರೆ ಕೊಟ್ಟರು. ಕರೆಗೆ ಓಗೊಟ್ಟವರಲ್ಲಿ ವಿಕ್ ಫಿಂಕೆಲ್‌ಸ್ಟೈನ್ ಒಬ್ಬರು. ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ ಹೋರಾಡಿ ಜೈಲು ಕಂಡು ಬಂದವರು, ಗಾಲಿಕುರ್ಚಿಯಲ್ಲಿ ಓಡಾಡುವವರು. ಒಂದು ಗುಂಪಿನ ಜನರನ್ನು ಬಸ್ಸಿನಿಂದ, ಶಾಲೆಯಿಂದ, ಕೆಲಸದಿಂದ ದೂರವಿಡುವ ವ್ಯವಸ್ಥೆ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೀಗೆ ಒಂದಾದವರ ಗುಂಪು 1976ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯ ತಿರುಳು ಇಷ್ಟು: ಕಾಲಿಗೆ ಬಲವಿಲ್ಲದಿರುವುದು ದೇಹದ ಸ್ಥಿತಿ. ಆ ಸ್ಥಿತಿಯವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಊರು ಕಟ್ಟಿ, ಅವರನ್ನು ಬಾಳಿನಿಂದ ಹೊರಗಿಡುವುದು ವೈಕಲ್ಯ. ಮುಂದೆ 1983ರಲ್ಲಿ ಮೈಕ್ ಆಲಿವರ್ ಇದಕ್ಕೆ 'ಸಾಮಾಜಿಕ ಮಾದರಿ' ಎಂದು ಹೆಸರಿಟ್ಟರು.

ಫಿಂಕೆಲ್‌ಸ್ಟೈನ್ ಒಂದು ಕಟ್ಟುಕತೆ ಹೇಳುತ್ತಿದ್ದರು. ಗಾಲಿಕುರ್ಚಿಯವರೇ ಇರುವ ಒಂದು ಊರು. ಅಂಗಡಿ, ಬ್ಯಾಂಕು, ಶಾಲೆ ಎಲ್ಲ ಅವರದೇ. ಯಾರೂ ನಿಲ್ಲುವುದಿಲ್ಲವಾದ್ದರಿಂದ ಸೂರನ್ನೂ ಬಾಗಿಲನ್ನೂ ತಗ್ಗಿಸಿ ಕಟ್ಟಿಕೊಂಡಿದ್ದಾರೆ. ಅಲ್ಲಿಗೆ ನಡೆದಾಡುವ ಕೆಲವರು ಬಂದು ನೆಲೆಸುತ್ತಾರೆ. ದಿನವೂ ಬಾಗಿಲಿಗೆ ಹಣೆ ಬಡಿದುಕೊಳ್ಳುತ್ತಾರೆ. ಊರಿನ ವೈದ್ಯರು ಅವರ ಎತ್ತರವನ್ನೇ ಕಾಯಿಲೆಯೆಂದು ಪರೀಕ್ಷಿಸಿ ತಲೆಗೆ ಹೆಲ್ಮೆಟ್ಟು ಬರೆದುಕೊಡುತ್ತಾರೆ. ಕೆಲಸಕ್ಕೆ ಹೋದರೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಅವರ ಹೆಸರಿನಲ್ಲಿ ಚಂದಾ ಎತ್ತುವ ಸಂಘಗಳು ಹುಟ್ಟುತ್ತವೆ. ಬಾಗಿಲನ್ನೇ ಎತ್ತರಿಸಬಹುದಲ್ಲ ಎಂಬ ಯೋಚನೆ ಮಾತ್ರ ಊರಿನವರಿಗೆ ಹೊಳೆಯುವುದಿಲ್ಲ.

ನಮ್ಮ ಊರುಗಳ ಬಾಗಿಲುಗಳನ್ನೇ ನೋಡೋಣ. ಸರ್ಕಾರಿ ಮಾರ್ಗಸೂಚಿಯ ಪ್ರಕಾರ ರಾಂಪಿನ ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು. ಎಂದರೆ ಮೂರು ಅಡಿ ಎತ್ತರದ ಜಗಲಿಗೆ 36 ಅಡಿ ಉದ್ದದ ರಾಂಪು ಬೇಕು. ಎಷ್ಟೋ ಕಚೇರಿಗಳಲ್ಲಿ ಅದನ್ನು ಏಳೆಂಟು ಅಡಿಯಲ್ಲಿ ಮುಗಿಸಿರುತ್ತಾರೆ. ಅದರ ಮೇಲೆ ಸ್ಕೂಟರ್ ಹತ್ತೀತೇ ಹೊರತು ಕೈಯಿಂದ ತಳ್ಳುವ ಗಾಲಿಕುರ್ಚಿ ಹತ್ತುವುದಿಲ್ಲ. ಕಡತದಲ್ಲಿ ಮಾತ್ರ ರಾಂಪು ಇದೆ. 2011ರ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಅಂಗವಿಕಲರು ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ರಸ್ತೆಯಲ್ಲಿ ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಅವರು ಹೊರಬರದಂತೆ ರಸ್ತೆ ಇರುವುದು.

ಈ ಬಗೆಯ ಕಟ್ಟಡಗಳ ಹಿಂದಿರುವ ಮನೋಭಾವಕ್ಕೆ ಏಬಲಿಸಂ ಎಂಬ ಹೆಸರಿದೆ. ನಡೆಯುವ, ನೋಡುವ, ಕೇಳುವ, ಚುರುಕಾಗಿ ಯೋಚಿಸುವ ಮೈಮನಸ್ಸೇ ಮನುಷ್ಯನ ಅಳತೆಗೋಲು, ಉಳಿದವರು ಅದಕ್ಕಿಂತ ಒಂದು ಕೈ ಕಡಿಮೆ ಎಂದು ನಂಬುವುದು. ಇದಕ್ಕೆ ದ್ವೇಷವೇ ಬೇಕೆಂದಿಲ್ಲ. ಎಷ್ಟೋ ಸಲ ಇದು ಕರುಣೆಯ ವೇಷದಲ್ಲೇ ಬರುತ್ತದೆ. ಗಾಲಿಕುರ್ಚಿಯಲ್ಲಿ ಕೂತವರನ್ನು ಬಿಟ್ಟು, ಹಿಂದೆ ನಿಂತವರನ್ನು "ಇವರಿಗೆ ಏನು ಬೇಕಂತೆ?" ಎಂದು ಕೇಳುವುದು. ಹಿಂದಿನ ಜನ್ಮದ ಕರ್ಮ ಎಂದು ಅಂಗವಿಕಲ ಮಗುವಿನ ತಾಯಿಯ ಎದುರಿಗೇ ಹೇಳುವುದು. ಕೇಳದೆಯೇ ಅಂಧರ ರಟ್ಟೆ ಹಿಡಿದು ರಸ್ತೆ ದಾಟಿಸುವುದು. ಹೊಗಳಿಕೆಯಲ್ಲೂ ಇದು ಇರಬಲ್ಲದು. ಕೈಯಿಲ್ಲದವರು ಚಿತ್ರ ಬರೆಯುವ ವಿಡಿಯೊ ಹಂಚಿಕೊಂಡು "ಎಲ್ಲ ಇರುವ ನಮಗೇನು ದಾಡಿ?" ಎನ್ನುವಾಗ ಆ ವ್ಯಕ್ತಿಯನ್ನು ನಮ್ಮ ಹುರುಪಿಗೆ ಸಾಧನವಾಗಿ ಬಳಸಿಕೊಂಡಿರುತ್ತೇವೆ. ಆಸ್ಟ್ರೇಲಿಯದ ಪತ್ರಕರ್ತೆ ಸ್ಟೆಲ್ಲಾ ಯಂಗ್ 2012ರಲ್ಲಿ ಈ ಚಾಳಿಯನ್ನು ಕಟುವಾಗಿ ಟೀಕಿಸಿ ಬರೆದರು. ಬೆಳಗ್ಗೆ ಎದ್ದು ಕೆಲಸಕ್ಕೆ ಹೋದದ್ದಕ್ಕೆಲ್ಲ ಚಪ್ಪಾಳೆ ತಟ್ಟಿಸಿಕೊಳ್ಳುವುದೂ ಒಂದು ಅವಮಾನ.

ಸಾಮಾಜಿಕ ಮಾದರಿಗೆ ಅತ್ಯಂತ ಮುಖ್ಯವಾದ ಆಕ್ಷೇಪ ಬಂದದ್ದು ಅದರ ಒಳಗಿನಿಂದಲೇ. ಲಿಜ್ ಕ್ರೋ, ಟಾಮ್ ಶೇಕ್ಸ್‌ಪಿಯರ್ ಮೊದಲಾದವರು, ಸ್ವತಃ ಅಂಗವೈಕಲ್ಯವುಳ್ಳವರು, ನೋವಿನ ಮಾತೆತ್ತಿದರು. ಊರೆಲ್ಲ ರಾಂಪು ಕಟ್ಟಿದರೂ ಕೀಲುನೋವು ಹೋಗುವುದಿಲ್ಲ, ಸ್ನಾಯುಗಳ ಸುಸ್ತು ತಗ್ಗುವುದಿಲ್ಲ. ದೇಹವನ್ನೇ ಮರೆತ ಸಿದ್ಧಾಂತ ದೇಹದಲ್ಲಿ ಬಾಳುವವರಿಗೆ ಪೂರ್ತಿ ನ್ಯಾಯ ಕೊಡಲಾರದು. ಈ ಆಕ್ಷೇಪ ಸರಿ ಎಂದೇ ನನ್ನ ತಿಳುವಳಿಕೆ. ಔಷಧಿಯೂ ಬೇಕು, ರಾಂಪೂ ಬೇಕು. ಆದರೆ ನಮ್ಮಲ್ಲಿ ದೇಹದ ಕೊರತೆಯನ್ನು ಮರೆತವರು ಯಾರೂ ಇಲ್ಲ. ನಾವು ಮರೆತಿರುವುದು ಮೆಟ್ಟಿಲನ್ನು. ಅದಕ್ಕೇ ಸಾಮಾಜಿಕ ಮಾದರಿಯ ಪಾಠ ನಮಗೆ ಇನ್ನೂ ಹಳೆಯದಾಗಿಲ್ಲ.

ಇನ್ನೂ ಆಳದ ಪ್ರಶ್ನೆಯೊಂದನ್ನು ತತ್ತ್ವಜ್ಞಾನಿ ಈವಾ ಕಿಟ್ಟೆ ಎತ್ತಿದರು. ಅವರ ಮಗಳಿಗೆ ತೀವ್ರವಾದ ಬೌದ್ಧಿಕ ವೈಕಲ್ಯವಿದೆ. ಎಷ್ಟು ರಾಂಪು ಕಟ್ಟಿದರೂ, ಎಷ್ಟು ತಂತ್ರಾಂಶ ಬಂದರೂ ಆಕೆ ಒಬ್ಬರೇ ಬದುಕಲಾರರು. ಹಾಗಾದರೆ ಆಕೆಯ ಘನತೆ ಎಲ್ಲಿದೆ? ಸ್ವಾವಲಂಬನೆಯೇ ಮನುಷ್ಯನ ಬೆಲೆ ಎಂದು ಹಿಡಿದದ್ದೇ ತಪ್ಪು ಎನ್ನುತ್ತಾರೆ ಕಿಟ್ಟೆ. ಅಲಾಸ್ಡೇರ್ ಮ್ಯಾಕಿಂಟೈರ್ ಕೂಡ ಇದೇ ದಿಕ್ಕಿನಲ್ಲಿ ವಾದಿಸಿದರು. ಕೂಸಾಗಿ, ಮುದುಕರಾಗಿ, ಕಾಯಿಲೆ ಬಿದ್ದು ನಾವೆಲ್ಲ ಇನ್ನೊಬ್ಬರ ಕೈಯಲ್ಲಿರುತ್ತೇವೆ. ನಡುವಿನ ಕೆಲವು ವರ್ಷಗಳ ಕಸುವನ್ನೇ ಮನುಷ್ಯತ್ವದ ಅಳತೆ ಮಾಡಿಕೊಂಡರೆ ನಾವೇ ಆ ಅಳತೆಗೆ ಸಿಗುವುದಿಲ್ಲ.

ಕೆಲಸದ ಜಾಗದಲ್ಲಿ ಈ ತತ್ತ್ವ ಏನು ಕೇಳುತ್ತದೆ? ಕಚೇರಿಯಲ್ಲಿ ಎಲ್ಲರಿಗೂ ದೀಪ ಹಾಕಿರುತ್ತಾರೆ. ಅದು ಬೇಕಾಗಿರುವುದು ಕಣ್ಣು ಕಾಣುವವರಿಗೆ. ಆ ಕರೆಂಟ್ ಬಿಲ್ಲನ್ನು ಯಾರೂ 'ವಿಶೇಷ ಸೌಲಭ್ಯ' ಎನ್ನುವುದಿಲ್ಲ. ಅಂಧ ಉದ್ಯೋಗಿಗೆ ಪರದೆ ಓದಿ ಹೇಳುವ ತಂತ್ರಾಂಶ ಬೇಕೆಂದಾಗ ಮಾತ್ರ ಖರ್ಚಿನ ಮಾತು ಬರುತ್ತದೆ. ಎನ್‌ವಿಡಿಎ ಎಂಬ ತಂತ್ರಾಂಶವಂತೂ ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅಡ್ಡಿ ಬೇರೆಡೆ ಇದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಯನ್ನು ಅದು ಅರ್ಥವಿಲ್ಲದ ಅಕ್ಷರಗಳಾಗಿ ಒದರುತ್ತದೆ. ಸಹಿ ಹಾಕಿ ಸ್ಕ್ಯಾನ್ ಮಾಡಿದ ಆದೇಶ ಅದರ ಪಾಲಿಗೆ ಬರೀ ಚಿತ್ರ. ಆಗ ಆ ಉದ್ಯೋಗಿ ಪಕ್ಕದವರನ್ನು ಓದಿ ಹೇಳಿ ಎಂದು ಕೇಳಬೇಕಾಗುತ್ತದೆ. ನೋಡುವವರು ಅದನ್ನು ಅವರ ಅಸಹಾಯಕತೆ ಎನ್ನುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು, ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಇಟ್ಟಿತು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎಂದಿತು. ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದನ್ನು ಕರ್ತವ್ಯವಾಗಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನು ನಿರಾಕರಿಸಿದಾಗ, 2021ರಲ್ಲಿ ಸುಪ್ರೀಂ ಕೋರ್ಟ್ ಈ ಕರ್ತವ್ಯವನ್ನೇ ಎತ್ತಿಹಿಡಿದು ಅವರ ಪರ ತೀರ್ಪು ಕೊಟ್ಟಿತು. ಕಣ್ಣು ಕಾಣದವರು ನ್ಯಾಯಾಧೀಶರಾಗುವಂತಿಲ್ಲ ಎಂಬ ಮಧ್ಯಪ್ರದೇಶದ ನಿಯಮವನ್ನು 2025ರ ಮಾರ್ಚಿನಲ್ಲಿ ರದ್ದುಮಾಡಿತು.

ಕಾನೂನು ಅಷ್ಟು ಮಾಡಿದೆ. ಉಳಿದದ್ದು ನಮ್ಮ ಕೈಯಲ್ಲಿದೆ. ನೀವು ಕಚೇರಿ ನಡೆಸುವವರಾದರೆ ಸಂದರ್ಶನಕ್ಕೆ ಕರೆಯುವ ಪತ್ರದಲ್ಲಿ "ನಿಮಗೆ ಯಾವ ಅನುಕೂಲ ಬೇಕು, ತಿಳಿಸಿ" ಎಂಬ ಒಂದು ಸಾಲು ಸೇರಿಸಿ. ಸುತ್ತೋಲೆಯನ್ನು ಯೂನಿಕೋಡಿನಲ್ಲಿ ಬರೆದು, ಪಠ್ಯವಾಗಿಯೇ ಕಳಿಸಿ. ಮನೆಯನ್ನೋ ಅಂಗಡಿಯನ್ನೋ ಕಟ್ಟಿಸುತ್ತಿದ್ದರೆ ಬಾಗಿಲ ಅಗಲ, ಜಗಲಿಯ ಎತ್ತರಗಳನ್ನು ನಕ್ಷೆ ಬರೆಸುವಾಗಲೇ ಯೋಚಿಸಿ. ಏನು ಬೇಕೆಂಬುದನ್ನು, ಬೇಕಾದವರನ್ನೇ ಕೇಳಿ.