ನಿನ್ನ ಬ್ಯಾಗಿನ ಸಲಿಕೆ ನಿನಗಲ್ಲ

ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಮಾರ್ಕ 2:1-12, ಪ್ರಸಂಗಿ 4:9-12

ದೇವರಿಗೆ ಸ್ತೋತ್ರ. ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ಬ್ರದರ್ಸ್, ಮುಂದೆ ಚೇರ್ ಇದೆ, ಬನ್ನಿ.

(ಎರಡು ವಾಕ್ಯಭಾಗಗಳನ್ನು ಸಭೆಯಲ್ಲಿ ಓದಲಾಯಿತು.)

ಪ್ರಿಯರೇ, ಚಳಿಗಾಲ ಬಂತು ಅಂದ್ರೆ ನಮ್ಮ ಯೂತ್ ಗ್ರೂಪಿನಲ್ಲಿ ಒಂದೇ ಮಾತು. ಟ್ರೆಕ್ ಯಾವಾಗ? ಮೊದಲು ಸ್ಕಂದಗಿರಿ, ಸಾವನದುರ್ಗ ಇತ್ತು. ಆಮೇಲೆ ಕುಮಾರ ಪರ್ವತ, ತಡಿಯಂಡಮೋಳ್. ಈಗ ಕೆಲವರು ಔಲಿಗೆ, ಗುಲ್ಮಾರ್ಗಿಗೆ ಹೋಗಿ ಸ್ಕೀಯಿಂಗ್ ಕಲಿಯೋ ಮಾತಾಡ್ತಿದ್ದಾರೆ. "ಪಾಸ್ಟರ್, ಹಿಮದಲ್ಲಿ ಬೆಟ್ಟ ಹತ್ತೋದು, ಸ್ಕೀ ಹಾಕ್ಕೊಂಡು ಇಳಿಯೋದು, ಇದೆಲ್ಲ ದೇವರನ್ನು ಪರೀಕ್ಷೆ ಮಾಡಿದ ಹಾಗಾಗುತ್ತಾ?" ಅಂತ ಒಬ್ಬ ತಮ್ಮ ಕೇಳಿದ.

ನಾನು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಬೆಟ್ಟ ಪಾಪ ಅಲ್ಲ. ಹಿಮವೂ ಪಾಪ ಅಲ್ಲ. 148ನೇ ಕೀರ್ತನೆಯಲ್ಲಿ ದೇವರನ್ನು ಸ್ತುತಿಸೋರ ಪಟ್ಟಿ ಇದೆ, ಅದರಲ್ಲಿ ಬೆಟ್ಟಗಳೂ ಇವೆ, ಹಿಮವೂ ಇದೆ. ನಮ್ಮ ಕೊಡಗಿನ ಹುಡುಗಿ ಭವಾನಿ ತೆಕ್ಕಡ ನಂಜುಂಡ, ಮಂಜು ಬೀಳುತ್ತೆ ಹೊರತು ಹಿಮ ಬೀಳದ ಊರಿನವಳು, 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯಲ್ಲಿ ಕಂಚಿನ ಪದಕ ತಂದಳು. ಸಂತೋಷದ ವಿಷಯ. ಹಾಗಾಗಿ "ಹೋಗಬಹುದಾ" ಅನ್ನೋದು ನನಗೆ ದೊಡ್ಡ ಪ್ರಶ್ನೆ ಅಲ್ಲ. ನನ್ನ ಪ್ರಶ್ನೆ ಬೇರೆ. ನೀನು ಯಾರ ಜೊತೆ ಹೋಗ್ತಿದ್ದೀಯ? ಬಿದ್ರೆ ನಿನ್ನನ್ನು ಎತ್ತೋರು ಯಾರು?

ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳೋಣ. ಸ್ಕೀ ರೆಸಾರ್ಟ್ ಬೇರೆ, ಸ್ಕೀ ಟೂರಿಂಗ್ ಬೇರೆ. ರೆಸಾರ್ಟಿನಲ್ಲಿ ರೋಪ್‌ವೇ ಮೇಲಕ್ಕೆ ಕರ್ಕೊಂಡು ಹೋಗುತ್ತೆ, ಕಾವಲಿಗೆ ಜನ ಇರ್ತಾರೆ. ಟೂರಿಂಗಿನಲ್ಲಿ ಅದೇನೂ ಇಲ್ಲ. ಸ್ಕೀ ಕೆಳಗೆ ಜಾರದ ಹಾಗೆ ಒಂದು ಪಟ್ಟಿ ಅಂಟಿಸಿಕೊಂಡು, ಗೆಳೆಯರ ಜೊತೆ, ಸ್ವಂತ ಕಾಲಿನ ಮೇಲೆ ಹತ್ತಬೇಕು. ಅಲ್ಲಿ ದೊಡ್ಡ ಅಪಾಯ ಹಿಮಕುಸಿತ. ಅದಕ್ಕೇ ಪ್ರತಿಯೊಬ್ಬರೂ ಮೂರು ಸಾಮಾನು ಒಯ್ಯಬೇಕು. ಒಂದು, ಬೀಕನ್. ಮೈಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೋ, "ನಾನು ಇಲ್ಲಿದ್ದೀನಿ" ಅಂತ ಸಿಗ್ನಲ್ ಕಳಿಸ್ತಾನೇ ಇರುತ್ತೆ. ಎರಡು, ಪ್ರೋಬ್. ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಮಡಚೋ ಸರಳು. ಮೂರು, ಸಲಿಕೆ.

ಈಗ ಕೇಳಿ. ನೀನು ಹಿಮದ ಕೆಳಗೆ ಹೂತು ಹೋದೆ ಅನ್ಕೋ. ನಿನ್ನ ಬ್ಯಾಗಿನಲ್ಲಿ ಒಳ್ಳೇ ಬ್ರ್ಯಾಂಡಿನ ಸಲಿಕೆ ಇದೆ. ಪ್ರಯೋಜನ ಏನು? ಆ ಹಿಮ ನಿಂತ ಮೇಲೆ ಸಿಮೆಂಟ್ ಹಾಗೆ ಗಟ್ಟಿ. ಬೆರಳು ಅಲ್ಲಾಡಿಸೋಕೂ ಆಗಲ್ಲ. ನಿನ್ನ ಸಲಿಕೆಯಿಂದ ನಿನ್ನನ್ನು ನೀನೇ ತೋಡಿಕೊಳ್ಳೋಕೆ ಸಾಧ್ಯ ಇಲ್ಲ. ನಿನ್ನ ಬ್ಯಾಗಿನ ಸಲಿಕೆ ನಿನಗಲ್ಲ, ನಿನ್ನ ಗೆಳೆಯನಿಗೆ. ನಿನ್ನ ಜೀವ ಇರೋದು ಗೆಳೆಯನ ಬ್ಯಾಗಿನಲ್ಲಿ. ಆಮೆನ್?

ಇನ್ನೊಂದು ಲೆಕ್ಕ. ಸ್ವಿಟ್ಜರ್ಲೆಂಡಿನ ಹಿಮಕುಸಿತಗಳನ್ನು ನೋಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ತಿ ಹೂತುಹೋದವರನ್ನು 15 ನಿಮಿಷದೊಳಗೆ ತೆಗೆದ್ರೆ ಹತ್ತರಲ್ಲಿ ಒಂಬತ್ತು ಜನ ಬದುಕ್ತಾರೆ. 35 ನಿಮಿಷ ಆದ್ರೆ ಹತ್ತರಲ್ಲಿ ಮೂವರು. ಈಚಿನ ಲೆಕ್ಕದಲ್ಲಿ ಆ 15 ನಿಮಿಷವೂ ಇಲ್ಲ, ಹತ್ತೇ ನಿಮಿಷ. ಸಾಯಂಕಾಲ ಹತ್ತು ನಿಮಿಷದಲ್ಲಿ ನಮಗೆ ಹೋಪ್ ಫಾರ್ಮ್ ಸಿಗ್ನಲ್ ದಾಟೋಕಾಗಲ್ಲ! ಹೆಲಿಕಾಪ್ಟರ್ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಇರೋನೇ ತೋಡಬೇಕು.

ಈಗ ಮಾರ್ಕ ಎರಡನೇ ಅಧ್ಯಾಯಕ್ಕೆ ಬನ್ನಿ. ಕಪೆರ್ನೌಮಿನಲ್ಲಿ ಒಂದು ಮನೆ. ಒಳಗೆ ಯೇಸು, ಬಾಗಿಲಲ್ಲಿ ಕಾಲಿಡೋಕೆ ಜಾಗ ಇಲ್ಲ. ಒಬ್ಬ ಪಾರ್ಶ್ವವಾಯು ರೋಗಿ. ಅವನು ಎದ್ದು ಬರೋಕಾಗಲ್ಲ. ಅವನ ಹತ್ರ ಸಲಿಕೆ ಇದ್ರೂ ಹಿಡಿಯೋಕೆ ಕೈ ಇಲ್ಲ. ನಾಲ್ಕು ಜನ ಅವನನ್ನು ಹೊತ್ತುಕೊಂಡು ಬಂದ್ರು. ಜನ ಜಾಸ್ತಿ ಅಂತ ವಾಪಸ್ ಹೋದ್ರಾ? ಇಲ್ಲ. ಮೇಲೆ ಹತ್ತಿ ಚಾವಣಿ ತೋಡಿದ್ರು. ಮೂಲ ಗ್ರೀಕ್ ಭಾಷೆಯಲ್ಲಿ ಅಲ್ಲಿರೋದು ಅಗೆಯೋದು ಅನ್ನೋ ಅರ್ಥದ ಮಾತು. ಧೂಳು ಬಿತ್ತು, ಮಣ್ಣು ಬಿತ್ತು, ಮನೆ ಯಜಮಾನ ಬೈದಿರಬಹುದು. ಅವರು ನಿಲ್ಲಿಸಲಿಲ್ಲ. ಐದನೇ ವಚನ ಮತ್ತೆ ನೋಡಿ. ಯೇಸು ಮೊದಲು ನೋಡಿದ್ದು ಯಾರ ನಂಬಿಕೆ ಅಂತ ಇದೆ? ಅವನೊಬ್ಬನದು ಅಂತ ಇಲ್ಲ, ಅವರ ನಂಬಿಕೆ. ಹೊತ್ತು ತಂದವರದು. ಹಲ್ಲೆಲೂಯ!

ನಂಬಿಕೆ ಅಂದ್ರೆ ಕಣ್ಣು ಮುಚ್ಚಿ ಕೈ ಎತ್ತೋದು ಮಾತ್ರ ಅಲ್ಲ ಪ್ರಿಯರೇ. ಕೆಲವು ಸಲ ನಂಬಿಕೆಗೆ ಉಗುರಿನಲ್ಲಿ ಮಣ್ಣು ಇರುತ್ತೆ.

ಇಲ್ಲಿ ಒಂದು ಕಷ್ಟದ ವಿಷಯ ಹೇಳಲೇಬೇಕು. 2024ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. ಉತ್ತರಾಖಂಡದ ಸಹಸ್ರತಾಲ್, ಸಮುದ್ರಮಟ್ಟದಿಂದ 4,000 ಮೀಟರಿಗೂ ಹೆಚ್ಚು ಎತ್ತರ. ಗೈಡ್‌ಗಳೂ ಸೇರಿ 22 ಜನರ ತಂಡ, ಹೆಚ್ಚಿನವರು ನಮ್ಮ ಬೆಂಗಳೂರಿನವರು. ಅನುಭವ ಇದ್ದವರೂ ಅದರಲ್ಲಿದ್ದರು. ಅಲ್ಲಿ ಬಂದದ್ದು ಹಿಮಕುಸಿತ ಅಲ್ಲ, ಹಿಮಗಾಳಿ. ಒಂಬತ್ತು ಜನ ತೀರಿಕೊಂಡರು. ಹದಿಮೂರು ಜನ ಉಳಿದರು. ವಾಯುಸೇನೆಯ ಹೆಲಿಕಾಪ್ಟರ್ ಹೋಯ್ತು, ನಮ್ಮ ರಾಜ್ಯದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋದರು, ದೇಹಗಳು ಬೆಂಗಳೂರಿಗೆ ಬಂದವು.

ಇಂಥದ್ದು ಆದಾಗ ನಮ್ಮಂಥ ವಿಶ್ವಾಸಿಗಳ ಬಾಯಲ್ಲಿ ಬೇಗ ಬರೋ ಮಾತು ಯಾವುದು ಗೊತ್ತಾ? "ಉಳಿದವರನ್ನು ದೇವರು ಕಾಪಾಡಿದ." ಸ್ತೋತ್ರ, ನಿಜ. ಹಾಗಾದ್ರೆ ಆ ಒಂಬತ್ತು ಜನ? ಅವರನ್ನು ದೇವರು ಕೈಬಿಟ್ಟನಾ? ಅವರ ಮನೆಯವರು ನಮ್ಮ ಪಕ್ಕದಲ್ಲೇ ಕೂತಿದ್ರೆ ನಾವು ಏನು ಹೇಳ್ತೀವಿ? ಲೂಕ 13ರಲ್ಲಿ ಯೇಸು ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತರು. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾ? ಅಲ್ಲ ಅಂತ ಯೇಸು ನೇರವಾಗಿ ಹೇಳಿದ. ಸತ್ತವರ ಲೆಕ್ಕ ಹಾಕೋಕೆ ನಮಗೆ ಅಧಿಕಾರ ಕೊಡಲಿಲ್ಲ. ಬದುಕಿರೋ ನಮ್ಮ ಕಡೆಗೆ ತಿರುಗಿ, ನೀವು ತಿರುಗಿಕೊಳ್ಳಿ ಅಂದ. ಅವರು ಯಾಕೆ ಹೋದರು ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಉತ್ತರ ಇಲ್ಲದಿದ್ದಾಗ ಅಳುವವರ ಜೊತೆ ಅಳೋದು ಕೂಡ ವಾಕ್ಯದ ಆಜ್ಞೆಯೇ. ರೋಮಾಪುರ 12:15.

ಉಳಿದಿರೋ ನಾವು ಏನು ಮಾಡಬೇಕು? ಬೆಟ್ಟದವರ ಹತ್ರ ಮೂರು ಪಾಠ ಕಲಿಯೋಣ. ಬರ್ಕೊಳ್ಳೋರು ಬರ್ಕೊಳ್ಳಿ.

ಒಂದನೇದು: ಬೀಕನ್ ಹೊರಡುವಾಗಲೇ ಆನ್ ಮಾಡು.

ಹೂತು ಹೋದ ಮೇಲೆ ಆನ್ ಮಾಡೋಕೆ ಕೈ ಬರಲ್ಲ. ಅದಕ್ಕೇ ಹತ್ತೋದಕ್ಕೆ ಮುಂಚೆ ಗೆಳೆಯರು ಒಬ್ಬೊಬ್ಬರ ಬೀಕನ್ ಚೆಕ್ ಮಾಡ್ತಾರೆ. "ನಂದು ಆನ್ ಇದೆ, ನಡಿ" ಅಂದ್ರೆ ಸಾಲದು, ಸಿಗ್ನಲ್ ಬರ್ತಿದೆಯಾ ಅಂತ ಇನ್ನೊಬ್ಬ ಕೇಳಿಸಿಕೊಳ್ಳಬೇಕು.

ನಮ್ಮ ಕಡೆ ನೋಡಿ. ವೈಟ್‌ಫೀಲ್ಡಿನಲ್ಲಿ ಪಿಜಿ, ಒಂದು ರೂಮಿಗೆ ಮೂರು ಜನ, ಮೂರೂ ಜನಕ್ಕೆ ಇಯರ್‌ಫೋನ್. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೈಟ್ ಶಿಫ್ಟ್. ಪೀಣ್ಯದಲ್ಲಿ ಓಟಿ ಮಾಡಿ ಊರಿಗೆ ದುಡ್ಡು ಕಳಿಸೋ ಹುಡುಗ. ಒಬ್ಬನಿಗೆ ಕೆಲಸ ಹೋಗಿ ಎರಡು ತಿಂಗಳಾಗಿದೆ, ಅಪ್ಪ ಅಮ್ಮನಿಗೆ ಹೇಳಿಲ್ಲ, ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತಾನೆ. ಒಬ್ಬಳು ಲೋನ್ ಆ್ಯಪಿನಲ್ಲಿ ತಗೊಂಡು, ಅದನ್ನು ತೀರಿಸೋಕೆ ಇನ್ನೊಂದು ಆ್ಯಪಿನಲ್ಲಿ ತಗೊಂಡಿದ್ದಾಳೆ. ಭಾನುವಾರ ಇಲ್ಲಿ ಬಂದು "ಹೇಗಿದ್ದೀರಾ" ಅಂದ್ರೆ, "ದೇವರ ಕೃಪೆ ಬ್ರದರ್, ಚೆನ್ನಾಗಿದ್ದೀನಿ." ಬೀಕನ್ ಆಫ್!

ಹಿಮದಡಿ ಇರೋರಿಗೆ ಕೆಲವೊಮ್ಮೆ ಮೇಲಿನವರ ಮಾತು ಕೇಳಿಸುತ್ತೆ, ಅವರ ಕೂಗು ಮಾತ್ರ ಮೇಲಕ್ಕೆ ಬರಲ್ಲ. ಈ ಹಾಲಿನಲ್ಲಿ ನನ್ನ ಮಾತು ಚೆನ್ನಾಗಿ ಕೇಳಿಸ್ತಾ ಇದ್ದು, ತನ್ನ ಕೂಗು ಮಾತ್ರ ಯಾರಿಗೂ ಮುಟ್ಟದೆ ಕೂತಿರೋರು ಇದ್ದಾರೆ ಅಂತ ನಾನು ನಂಬ್ತೀನಿ. ಯಾಕೋಬ 5:16 ಒಬ್ಬರಿಗೊಬ್ಬರು ಹೇಳಿಕೊಳ್ಳಿ ಅನ್ನುತ್ತೆ. ಸ್ಟೇಜ್ ಮೇಲೆ ಮೈಕಿನಲ್ಲಿ ಹೇಳಬೇಕಿಲ್ಲ. ಇಬ್ಬರಿಗೆ ಹೇಳು, ಸಾಕು. ಸಾಯಬೇಕು ಅನ್ನೋ ಯೋಚನೆ ಬರ್ತಿದ್ರೆ ಇವತ್ತೇ ಹೇಳು. 14416, ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ. ಡಾಕ್ಟರ ಹತ್ರ ಹೋಗೋದು ಅವಿಶ್ವಾಸ ಅಲ್ಲ. ಲೂಕನೇ ವೈದ್ಯ. ಪ್ರಾರ್ಥನೆಯೂ ಮಾಡೋಣ, ಮಾತ್ರೆಯೂ ತಗೊಳ್ಳೋಣ.

ಎರಡನೇದು: ಹಿಂದಿರುಗೋಣ ಅನ್ನೋ ಮಾತಿಗೆ ಬೆಲೆ ಕೊಡು.

ಜನ ಸಿಕ್ಕಿಬೀಳೋ ಹಿಮಕುಸಿತಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿದ್ದದ್ದಲ್ಲ. ಸುಮಾರು 90 ಶೇಕಡಾ ಸಿಕ್ಕಿಬಿದ್ದವರು ಅಥವಾ ಅವರ ಗುಂಪಿನವರೇ ಕಾಲಿಟ್ಟು ಕೆಡವಿದ್ದು ಅಂತ ತಿಳಿದವರು ಹೇಳ್ತಾರೆ. ಆ ಇಳಿಜಾರು ಅಪಾಯ ಅಂತ ಒಬ್ಬನಿಗೆ ಅನಿಸಿರುತ್ತೆ. ಆದರೆ ಎಲ್ಲರೂ ಹೋಗ್ತಿದ್ದಾರೆ, ರಜೆ ಹಾಕಿ ಬಂದಿದ್ದೀವಿ, ದುಡ್ಡು ಕಟ್ಟಿದ್ದೀವಿ, ನಾನೊಬ್ಬ ಹೆದರುಪುಕ್ಕಲ ಆಗೋದ್ಯಾಕೆ?

ಅಪೊಸ್ತಲರ ಕೃತ್ಯಗಳು 27. ಈ ಪ್ರಯಾಣದಲ್ಲಿ ಹಾನಿ ಇದೆ ಅಂತ ಪೌಲ ಎಚ್ಚರಿಸಿದ. ಅವನು ಕೈದಿ, ಅವನ ಮಾತು ಯಾರು ಕೇಳ್ತಾರೆ? ತೆಂಕಣ ಗಾಳಿ ಹಿತವಾಗಿ ಬೀಸಿತು, ಎಲ್ಲ ಸರಿಯಾಯ್ತು ಅಂದ್ಕೊಂಡು ಲಂಗರು ಎತ್ತಿದ್ರು. ಆಮೇಲೆ ಬಂತು ಬಿರುಗಾಳಿ. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಬೇಡಿ ಪ್ರಿಯರೇ. ಸೈತಾನ ಇದ್ದಾನೆ, ನಿಜ. ಆದರೆ ಬೆಟ್ಟಿಂಗ್ ಆ್ಯಪ್ ಡೌನ್‌ಲೋಡ್ ಮಾಡಿದ ಬೆರಳು ಯಾರದ್ದು? ಆ ಇಳಿಜಾರಿಗೆ ಕಾಲಿಟ್ಟಿದ್ದು ಯಾರು? ಯಾಕೋಬ 1:14 ಓದ್ಕೊಳ್ಳಿ. ನಿನ್ನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು "ಅಣ್ಣಾ, ಇದು ಬೇಡ" ಅಂದ್ರೆ ನಗಬೇಡ. ಪವಿತ್ರಾತ್ಮನು ಚಿಕ್ಕವರ ಬಾಯಿಂದಲೂ ಮಾತಾಡ್ತಾನೆ.

ಮೂರನೇದು: ಒಬ್ಬ ಬಿದ್ದಾಗ ನಿನ್ನ ಸಿಗ್ನಲ್ ನಿಲ್ಲಿಸು.

ಇದು ನನ್ನ ಮನಸ್ಸಿಗೆ ತುಂಬಾ ತಟ್ಟಿದ ವಿಷಯ. ಒಬ್ಬ ಹೂತುಹೋದ ಕೂಡಲೇ ಉಳಿದವರೆಲ್ಲ ತಮ್ಮ ಬೀಕನನ್ನು ಕಳಿಸೋದರಿಂದ ಹುಡುಕೋದಕ್ಕೆ ಬದಲಾಯಿಸಬೇಕು. ಒಬ್ಬ ಮರೆತು ಕಳಿಸ್ತಾನೇ ಇದ್ರೆ, ಹುಡುಕೋರು ಹೂತವನನ್ನು ಬಿಟ್ಟು ಇವನ ಸಿಗ್ನಲ್ ಹಿಂದೆ ಓಡ್ತಾರೆ. ನಿಮಿಷ ಹೋಗುತ್ತೆ, ಜೀವ ಹೋಗುತ್ತೆ.

ಸಭೆಯಲ್ಲಿ ಹೀಗೇ ಆಗುತ್ತೆ. ಒಬ್ಬ ಅಳ್ತಾ ಬಂದು ಹೇಳಿಕೊಂಡ್ರೆ, "ನಂಗೂ ಹಾಗೇ ಆಗಿತ್ತು, ನಾನು ಮೂರು ದಿನ ಉಪವಾಸ ಮಾಡಿದೆ, ದೇವರು ಪ್ರಮೋಷನ್ ಕೊಟ್ಟ" ಅಂತ ನಮ್ಮ ಸಾಕ್ಷಿ ಶುರು! ಸಾಕ್ಷಿ ಒಳ್ಳೇದು, ಅದಕ್ಕೆ ಸಮಯ ಇದೆ. ಬಿದ್ದವನ ಮುಂದೆ ನಿನ್ನ ಸಿಗ್ನಲ್ ನಿಲ್ಲಿಸು. ಕೇಳು. ಅವನು ಎಲ್ಲಿದ್ದಾನೆ ಅಂತ ಹುಡುಕು. ಆಮೇಲೆ ಸಲಿಕೆ ತೆಗಿ. ಅವನ ಬಾಡಿಗೆ ಕಟ್ಟೋದು ಸಲಿಕೆ. ರೆಸ್ಯೂಮೆ ತಿದ್ದಿಕೊಡೋದು ಸಲಿಕೆ. ಆಸ್ಪತ್ರೆಗೆ ಜೊತೆಗೆ ಹೋಗಿ ಟೋಕನ್ ಹಿಡಿದು ಕೂರೋದು ಸಲಿಕೆ. ದೇವರು ನಿನಗೆ ಕೊಟ್ಟ ಸಂಬಳ, ಬೈಕು, ಇಂಗ್ಲಿಷು, ಪ್ರಾರ್ಥನೆಯ ವರ, ಎಲ್ಲವೂ ನಿನ್ನ ಬ್ಯಾಗಿನ ಸಲಿಕೆ. ಅದು ನಿನಗಲ್ಲ.

ಕೊನೆಯದಾಗಿ. ಆ ನಾಲ್ಕು ಜನ ಚಾವಣಿ ತೋಡಿ ಅವನನ್ನು ಇಳಿಸಿದ್ರು. ಅಲ್ಲಿಗೆ ಅವರ ಕೆಲಸ ಮುಗೀತು. ಎಬ್ಬಿಸಿದ್ದು ಯೇಸು, ಪಾಪ ಕ್ಷಮಿಸಿದ್ದು ಯೇಸು. ಗೆಳೆಯರು ನಿನ್ನನ್ನು ಅವನ ಪಾದದ ತನಕ ತರಬಹುದು. ನಾವೆಲ್ಲ ಪಾಪದ ಕೆಳಗೆ ಹೂತು, ಕೈ ಅಲ್ಲಾಡಿಸೋಕಾಗದೆ ಇದ್ದಾಗ, ಮೇಲೆ ನಿಂತು ಸಲಹೆ ಕೊಡದೆ ಆತನೇ ಕೆಳಗೆ ಇಳಿದು ಬಂದ. ಸಮಾಧಿಯ ತನಕ ಇಳಿದ. ಮೂರನೇ ದಿನ ಎದ್ದ. ಹಲ್ಲೆಲೂಯ! ಆತನಿಗೆ ಸಿಗದಷ್ಟು ಆಳ ಯಾವುದೂ ಇಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಈ ವಾರ ಒಂದೇ ಕೆಲಸ. ಕೇರ್ ಸೆಲ್ಲಿನಲ್ಲಿ ಇಬ್ಬಿಬ್ಬರು ಜೋಡಿ ಆಗಿ. ಬುಧವಾರ ರಾತ್ರಿ ಫೋನ್ ಮಾಡಿ, ಮೆಸೇಜ್ ಬೇಡ, ಧ್ವನಿ ಕೇಳಿಸಿಕೊಳ್ಳಿ. ನಾಲ್ಕು ವಾರದಿಂದ ಸಭೆಗೆ ಬರದವರ ಹೆಸರು ನಿಮಗೆ ಗೊತ್ತಿದೆ. ಅವರ ಪಿಜಿಗೆ ಹೋಗಿ ಬಾಗಿಲು ತಟ್ಟಿ. ಟ್ರೆಕ್ಕಿಗೆ ಹೋಗೋರು ಹವಾಮಾನ ನೋಡಿ, ಅನುಮತಿ ತಗೊಂಡು, ಮನೆಯಲ್ಲಿ ಹೇಳಿ, ಗೈಡ್ ಮಾತು ಕೇಳಿ ಹೋಗಿ ಬನ್ನಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಈ ಹಾಲಿನಲ್ಲಿ ಕೂಗು ಹೊರಗೆ ಬರದೆ ಕೂತಿರುವ ಮಕ್ಕಳನ್ನು ನೀವು ಬಲ್ಲಿರಿ. ಇವತ್ತು ಅವರ ಬಾಯಿ ತೆರೆಯಿರಿ. ನಮ್ಮ ಕಿವಿ ತೆರೆಯಿರಿ. ಬೆಟ್ಟದಲ್ಲಿ ತಮ್ಮವರನ್ನು ಕಳಕೊಂಡ ಮನೆಗಳನ್ನು ಸಂತೈಸಿರಿ. ಒಬ್ಬರಿಗಾಗಿ ಒಬ್ಬರು ತೋಡುವ ಕೈಗಳನ್ನು ನಮಗೆ ಕೊಡಿರಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.