ಬಲೆಯ ಬೋಟಿಗೆ ಬಂದೂಕು

ಹಿರೇಗುತ್ತಿಯ ನಮ್ಮ ಮನೆಗೆ ಮೀನು ಬರುವುದು ತದಡಿ ಬಂದರಿನಿಂದ. ಕಳೆದ ರಜೆಯಲ್ಲಿ ಅಲ್ಲಿಗೆ ಹೋದಾಗ ಪರಿಚಯದ ಬೋಟಿನವರೊಬ್ಬರು ಕೇಳಿದರು: "ಯುದ್ಧ ಬಂದ್ರೆ ನಮ್ಮ ಬೋಟನ್ನೂ ತಗಂಡು ಹೋಗ್ತಾರಂತೆ, ಹೌದಾ ತಮಾ?"

ಹಾಗೆ ಆದದ್ದುಂಟು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮೀನುಗಾರಿಕೆಯ ಟ್ರಾಲರುಗಳನ್ನು ವಶಕ್ಕೆ ಪಡೆದು, ಫಿರಂಗಿ ಕೂರಿಸಿ, ಕಾವಲಿಗೂ ಸಮುದ್ರದ ಮೈನು ತೆಗೆಯುವುದಕ್ಕೂ ಕಳಿಸಿತು. ಆ ಪಡೆಯಲ್ಲಿ ಸತ್ತು, ಸಮುದ್ರವೇ ಸಮಾಧಿಯಾದ ಸುಮಾರು 2,400 ಮಂದಿಯ ಹೆಸರು ಲೋವೆಸ್ಟಾಫ್ಟ್ ಪಟ್ಟಣದ ಸ್ಮಾರಕದಲ್ಲಿದೆ.

ದೇಶ ಉಳಿಯಬೇಕಾದಾಗ ಬೋಟು ಕೇಳುವುದು ತಪ್ಪೆನ್ನಲಾರೆ. ನನ್ನನ್ನು ಕಾಡುವುದು ಬೇರೆ. ದಡದ ಬಳಿ ಮೀನು ಹಿಡಿಯುವ ದೋಣಿಯನ್ನು ಶತ್ರುವೂ ಸೆರೆಹಿಡಿಯಬಾರದು ಎಂದಿತು 1907ರ ಹೇಗ್ ಒಪ್ಪಂದ. ಯುದ್ಧಕ್ಕಿಳಿದ ದೋಣಿಗೆ ಆ ರಕ್ಷಣೆಯಿಲ್ಲ. ದೋಣಿಯ ನಿರುಪದ್ರವಿ ರೂಪವನ್ನು ಸೈನ್ಯ ಮರೆಯಾಗಿ ಬಳಸುವಂತೆಯೂ ಇಲ್ಲ. ಒಂದು ಬೋಟು ಬಂದೂಕು ಬಚ್ಚಿಟ್ಟರೆ, ಪಕ್ಕದಲ್ಲಿ ಬರೀ ಬಲೆ ಬಿಡುವವನ ಮೇಲೂ ಗುಂಡು ಬೀಳಬಹುದು. ಅವನನ್ನು ಯಾರೂ ಕೇಳಿರುವುದಿಲ್ಲ.

2008ರ ನವೆಂಬರಿನಲ್ಲಿ ಭಯೋತ್ಪಾದಕರು ಗುಜರಾತಿನ 'ಕುಬೇರ್' ಬೋಟನ್ನು ಅಪಹರಿಸಿ, ಅದರಲ್ಲಿದ್ದ ಮೀನುಗಾರರನ್ನು ಕೊಂದು, ಮುಂಬೈಗೆ ಬಂದರು. ಬಳಿಕ ಮೀನುಗಾರರು ಕರಾವಳಿಯ 'ಕಣ್ಣು ಕಿವಿ' ಎನಿಸಿಕೊಂಡರು. ಕಂಡದ್ದನ್ನು ತಿಳಿಸುವುದು ನಾಗರಿಕರ ಕರ್ತವ್ಯವೇ. ಆದರೆ ಕಣ್ಣು ಕಿವಿಯಾದವರು ಆಯುಧವೂ ಆಗಬೇಕೆಂದರೆ, ಅದು ಅವರ ಒಪ್ಪಿಗೆಯಿಂದ, ಎಲ್ಲರಿಗೂ ಕಾಣುವಂತೆ ಆಗಬೇಕು.

"ತಗೊಂಡರೆ ಬಾವುಟ ಬದಲಿಸಿಯೇ ತಗೊಳ್ಳಬೇಕು" ಎಂದೆ.

"ಬೋಟಿಗೆ ಬಾವುಟ ಬದಲಿಸ್ಲಕ್ಕು. ನಂಗೆ?" ಎಂದರು ಅವರು.